ಪ್ರತಿಭಟನೆಯ ಮೇಲೆ ಲಾಠಿ ಬೀಸಿದಾಗ: ಹಿರಿಯ ಪೊಲೀಸ್ ಅಧಿಕಾರಿಯ ವಿರುದ್ಧ ಯಾವ ನ್ಯಾಯಾಲಯ, ಯಾವ ದಾರಿ

ಪ್ರತಿಭಟನೆಯಲ್ಲಿ ಏಟು ತಿಂದು ಬಂದವರು ಮರುದಿನ ಬೆಳಿಗ್ಗೆ ಆಡುವ ಮೊದಲ ಮಾತು ಸಾಮಾನ್ಯವಾಗಿ ‘ಆ ಕಮಿಷನರ್ ಮೇಲೆ ಕೇಸು ಹಾಕಲೇಬೇಕು’ ಎಂಬುದು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ನಮ್ಮ ಕಾನೂನಿನಲ್ಲಿ ‘ಕೇಸು ಹಾಕುವುದು’ ಎಂದರೆ ಒಂದೇ ದಾರಿಯಲ್ಲ. ಹೈಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸಬಹುದು, ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬಹುದು, ಸಿವಿಲ್ ನ್ಯಾಯಾಲಯದಲ್ಲಿ ನಷ್ಟ ಪರಿಹಾರದ ದಾವೆ ಹೂಡಬಹುದು, ಮಾನವ ಹಕ್ಕುಗಳ ಆಯೋಗಕ್ಕೋ ಪೊಲೀಸ್ ದೂರು ಪ್ರಾಧಿಕಾರಕ್ಕೋ ಹೋಗಬಹುದು. ಒಂದೊಂದು ದಾರಿಯೂ ಬೇರೆ ಬೇರೆ ಪುರಾವೆ ಕೇಳುತ್ತದೆ, ಬೇರೆ ಬೇರೆ ಫಲ ಕೊಡುತ್ತದೆ. ಮುಖ್ಯವಾಗಿ, ಕೆಲವು ದಾರಿಗಳಿಗೆ ಸರ್ಕಾರವೇ ಬೀಗ ಹಾಕಿ ಕೀಲಿಕೈಯನ್ನು ತನ್ನ ಬಳಿ ಇಟ್ಟುಕೊಂಡಿದೆ, ಕೆಲವಕ್ಕೆ ಹಾಕಿಲ್ಲ. ಈ ವ್ಯತ್ಯಾಸ ತಿಳಿಯದೆ ಹೊರಟವರು ಎರಡು ಮೂರು ವರ್ಷ ಅಲೆದು, ದೂರಿನ ಸತ್ಯಾಸತ್ಯತೆಯ ವಿಚಾರಣೆಯೇ ನಡೆಯದೆ, ‘ಮೊಕದ್ದಮೆಗೆ ಸರ್ಕಾರದ ಪೂರ್ವಾನುಮತಿ ಪಡೆದಿಲ್ಲ’ ಎಂಬ ಒಂದೇ ಕಾರಣಕ್ಕೆ ಬರಿಗೈಯಲ್ಲಿ ಮರಳಿದ್ದನ್ನು ನಾನು ನೋಡಿದ್ದೇನೆ. ಈ ಬರಹ ಕರ್ನಾಟಕದಲ್ಲಿ ನಡೆಯುವ ಪ್ರತಿಭಟನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ನಿಮ್ಮ ಪ್ರಕರಣದ ವಿವರಗಳನ್ನು ತಿಳಿದ ವಕೀಲರ ಸಲಹೆಗೆ ಇದು ಬದಲಿಯಲ್ಲ.

ನಿಮಗೆ ಬೇಕಾಗಿರುವುದೇನು

ದಾರಿ ಆರಿಸುವ ಮೊದಲು ಗಾಯಗೊಂಡವರು, ಬಂಧಿತರು ಮತ್ತು ಸಂಘಟಕರು ಒಟ್ಟಿಗೆ ಕೂತು ಒಂದು ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಕಂಡುಕೊಳ್ಳಬೇಕು. ಆ ಅಧಿಕಾರಿ ಹೊರಡಿಸಿದ ನಿಷೇಧಾಜ್ಞೆ ಕಾನೂನುಬಾಹಿರವೆಂದು ನ್ಯಾಯಾಲಯ ಘೋಷಿಸಬೇಕೇ? ಚಿಕಿತ್ಸೆಯ ಖರ್ಚು ಮತ್ತು ಪರಿಹಾರ ಸಿಗಬೇಕೇ? ಅಧಿಕಾರಿ ಆರೋಪಿಯ ಸ್ಥಾನದಲ್ಲಿ ನಿಲ್ಲಬೇಕೇ? ಅಥವಾ ನಡೆದದ್ದೇನೆಂಬುದು ಸರ್ಕಾರಿ ದಾಖಲೆಯಲ್ಲಿ ಉಳಿಯಬೇಕೇ? ನಾಲ್ಕೂ ಬೇಕು ಎನ್ನುವುದು ಸಹಜ. ಆದರೆ ನಾಲ್ಕನ್ನೂ ಕೊಡುವ ಒಂದೇ ನ್ಯಾಯಪೀಠ ಇಲ್ಲ. ಮೊದಲ ಎರಡಕ್ಕೆ ಹೈಕೋರ್ಟು, ಮೂರನೆಯದಕ್ಕೆ ಕ್ರಿಮಿನಲ್ ನ್ಯಾಯಾಲಯ, ನಾಲ್ಕನೆಯದಕ್ಕೆ ಆಯೋಗಗಳು ಎಂದು ಸ್ಥೂಲವಾಗಿ ಹೇಳಬಹುದಾದರೂ ಇವುಗಳ ನಡುವಿನ ಗೆರೆ ಅಷ್ಟು ನೇರವಾಗಿಲ್ಲ.

ಅಧಿಕಾರಿಯ ಹೆಸರಿಗೂ ಏಟಿಗೂ ನಡುವಿನ ಕೊಂಡಿ

ಹಿರಿಯ ಅಧಿಕಾರಿ ಸ್ವತಃ ಲಾಠಿ ಹಿಡಿದಿರುವುದು ತೀರಾ ಅಪರೂಪ. ಏಟು ಕೊಟ್ಟವರು ಕಾನ್‌ಸ್ಟೆಬಲ್‌ಗಳು, ಮೀಸಲು ಪಡೆಯ ತುಕಡಿಯವರು. ಅವರಲ್ಲಿ ಅನೇಕರ ಎದೆಯ ಮೇಲೆ ಹೆಸರಿನ ಪಟ್ಟಿಯೂ ಇರುವುದಿಲ್ಲ. ಅಧೀನರ ತಪ್ಪಿಗೆ ಮೇಲಿನವರು ತಾವಾಗಿಯೇ ಅಪರಾಧಿಯಾಗುತ್ತಾರೆಂಬ ನಿಯಮ ನಮ್ಮ ಸಾಮಾನ್ಯ ಕ್ರಿಮಿನಲ್ ಕಾನೂನಿನಲ್ಲಿಲ್ಲ. ಆದ್ದರಿಂದ ಡಿಸಿಪಿ, ಎಸ್‌ಪಿ, ಕಮಿಷನರ್ ಅಥವಾ ಎಡಿಜಿಪಿ ಮಟ್ಟದವರನ್ನು ಹೊಣೆಗಾರರನ್ನಾಗಿಸಬೇಕಾದರೆ ಮೂರರಲ್ಲಿ ಒಂದನ್ನಾದರೂ ತೋರಿಸಬೇಕು: ಅವರೇ ಆದೇಶ ಕೊಟ್ಟರು, ಇಲ್ಲವೇ ಸ್ಥಳದಲ್ಲಿದ್ದೂ ತಡೆಯಲಿಲ್ಲ, ಇಲ್ಲವೇ ಆಮೇಲೆ ಗೊತ್ತಿದ್ದೂ ಸುಳ್ಳು ದಾಖಲೆ ಸೃಷ್ಟಿಸಲು ಬಿಟ್ಟರು.

ಇದನ್ನು ತೋರಿಸಬಲ್ಲ ಕಾಗದಗಳು ಪೊಲೀಸರ ಬಳಿಯೇ ಇರುತ್ತವೆ. ಅಂದಿನ ಬಂದೋಬಸ್ತ್ ಆದೇಶ, ಕಂಟ್ರೋಲ್ ರೂಂನ ವೈರ್‌ಲೆಸ್ ದಾಖಲೆ, ಠಾಣಾ ದಿನಚರಿ, ನಿಷೇಧಾಜ್ಞೆಯ ಪ್ರತಿ, ಗುಂಪು ಚದುರಿಸಲು ಆಜ್ಞೆ ಕೊಟ್ಟವರು ಯಾರೆಂಬ ವರದಿ, ಪೊಲೀಸರೇ ಮಾಡಿಸಿದ ವಿಡಿಯೋ ಚಿತ್ರೀಕರಣ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಸೆಕ್ಷನ್ ಪ್ರಕಾರ ಅಕ್ರಮ ಕೂಟಕ್ಕೆ ಚದುರುವಂತೆ ಮೊದಲು ಆಜ್ಞೆ ಕೊಡಬೇಕು. ಆ ಆಜ್ಞೆಗೆ ಜನ ಮಣಿಯದಿದ್ದಾಗ ಅಥವಾ ಮಣಿಯುವುದಿಲ್ಲವೆಂದು ಅವರ ನಡತೆಯಿಂದಲೇ ಸ್ಪಷ್ಟವಾದಾಗ ಮಾತ್ರ ಬಲಪ್ರಯೋಗಕ್ಕೆ ಅವಕಾಶ. ಆ ಆಜ್ಞೆ ಕೊಡಬಲ್ಲವರು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಅಥವಾ ಠಾಣಾಧಿಕಾರಿ, ಅವರಿಲ್ಲದಿದ್ದರೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿಲ್ಲದ ಅಧಿಕಾರಿ. ಹೀಗಾಗಿ ‘ಧ್ವನಿವರ್ಧಕದಲ್ಲಿ ಎಚ್ಚರಿಕೆ ಕೊಟ್ಟರೇ, ಕೊಟ್ಟು ಎಷ್ಟು ನಿಮಿಷಕ್ಕೆ ಲಾಠಿ ಬೀಸಿದರು’ ಎಂಬುದು ಸಣ್ಣ ವಿವರವಲ್ಲ, ಇಡೀ ಪ್ರಕರಣ ಅದರ ಮೇಲೆಯೇ ನಿಲ್ಲಬಹುದು. ಮೇಲಿನ ದಾಖಲೆಗಳನ್ನು ಹೆಸರಿಸಿ, ಅವನ್ನು ನಾಶಪಡಿಸದೆ ಕಾದಿಡಬೇಕೆಂದು ಘಟನೆ ನಡೆದ ವಾರದೊಳಗೆ ಲಿಖಿತ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಠಾಣೆಯೊಳಗಿನ ಸಿಸಿಟಿವಿ ದೃಶ್ಯಗಳನ್ನು 18 ತಿಂಗಳು, ಅದು ಸಾಧ್ಯವಿಲ್ಲದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕೆಂದು ಸುಪ್ರೀಂ ಕೋರ್ಟು 2020ರ ಡಿಸೆಂಬರ್‌ನಲ್ಲಿ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಹೇಳಿದೆ. ಬೀದಿಯ ಕ್ಯಾಮೆರಾಗಳ, ಅಂಗಡಿಗಳ ಕ್ಯಾಮೆರಾಗಳ ದೃಶ್ಯಕ್ಕೆ ಆ ಭರವಸೆಯಿಲ್ಲ. ಅವು ಕೆಲವೇ ದಿನಗಳಲ್ಲಿ ಅಳಿಸಿಹೋಗಬಹುದು.

ನಿಮ್ಮ ಕೈಯಲ್ಲಿರುವ ಪುರಾವೆಯ ವಿಷಯಕ್ಕೆ ಬಂದರೆ, ವೈದ್ಯಕೀಯ ದಾಖಲೆಗೆ ಸಮನಾದದ್ದು ಇನ್ನೊಂದಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಜಿಲ್ಲಾ ಕೇಂದ್ರದ ಸರ್ಕಾರಿ ಆಸ್ಪತ್ರೆಯಲ್ಲಿ ಏಟು ತಿಂದ ಹುಡುಗನೊಬ್ಬನ ಜೊತೆ ರಾತ್ರಿಯಿಡೀ ಕೂತಿದ್ದೆ. ಅವನ ಬೆನ್ನಿನ ಮೇಲೆ ರೈಲು ಹಳಿಯಂತೆ ಎರಡೆರಡು ಕೆಂಪು ಗೆರೆಗಳು, ನಡುವೆ ಚರ್ಮ ಬಿಳಿಚಿಕೊಂಡಿತ್ತು. ದುಂಡನೆಯ ಕೋಲಿನ ಏಟು ಬೀಳಿಸುವ ಗುರುತು ಅದು, ನೆಲಕ್ಕೆ ಬಿದ್ದರೆ ಅಂಥ ಗುರುತು ಮೂಡುವುದಿಲ್ಲ. ಡ್ಯೂಟಿ ಡಾಕ್ಟರು ‘ಹೇಗಾಯಿತು?’ ಎಂದು ಕೇಳಿದಾಗ ಬಾಗಿಲ ಬಳಿ ನಿಂತಿದ್ದ ಪೇದೆಯನ್ನು ನೋಡಿ ಹುಡುಗ ‘ಓಡುವಾಗ ಬಿದ್ದೆ ಸಾರ್’ ಎಂದ. ಎಂಎಲ್‌ಸಿ (ಪೊಲೀಸ್ ಪ್ರಕರಣವಾಗಬಹುದಾದ ಗಾಯಗಳನ್ನು ಆಸ್ಪತ್ರೆ ದಾಖಲಿಸುವ) ರಿಜಿಸ್ಟರಿನಲ್ಲಿ ಹಾಗೆಯೇ ದಾಖಲಾಯಿತು. ತಿಂಗಳುಗಳ ನಂತರ ಸರ್ಕಾರಿ ವಕೀಲರು ನ್ಯಾಯಾಲಯದಲ್ಲಿ ಬೇರೇನನ್ನೂ ಓದಲಿಲ್ಲ, ಆ ಒಂದು ಸಾಲನ್ನು ಓದಿದರು, ಅಷ್ಟೇ. ಆದ್ದರಿಂದ ಹೆದರಿಕೆ ಎಷ್ಟೇ ಇರಲಿ, ವೈದ್ಯರಿಗೆ ‘ಪೊಲೀಸರು ಲಾಠಿಯಿಂದ ಹೊಡೆದರು’ ಎಂದೇ ಹೇಳಬೇಕು, ಹಾಗೆಯೇ ಬರೆಸಬೇಕು, ಗಾಯಗಳ ಚಿತ್ರವನ್ನು ಅದೇ ದಿನ ತೆಗೆದಿಡಬೇಕು. ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದಾಗ ಅವರು ‘ಏನಾದರೂ ದೂರಿದೆಯೇ’ ಎಂದು ಕೇಳುವ ಕ್ಷಣವೂ ಇಷ್ಟೇ ಮುಖ್ಯ. ಮೊಬೈಲಿನ ವಿಡಿಯೋ ಆದರೆ ವಾಟ್ಸ್ಆಪ್‌ನಲ್ಲಿ ಹರಿದಾಡಿದ ಪ್ರತಿಯಲ್ಲ, ಚಿತ್ರೀಕರಿಸಿದ ಫೋನಿನಲ್ಲಿರುವ ಮೂಲ ಕಡತವನ್ನೇ ಉಳಿಸಿಕೊಳ್ಳಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಕೇಳುವ ಪ್ರಮಾಣಪತ್ರವನ್ನು ಕೊಡಬೇಕಾದಾಗ ಚಿತ್ರೀಕರಿಸಿದವರು ಮುಂದೆ ಬರಬೇಕಾಗುತ್ತದೆ.

ಹೈಕೋರ್ಟಿನ ರಿಟ್ ಅರ್ಜಿ

ಸಂವಿಧಾನದ 226ನೇ ವಿಧಿಯ ಅಡಿಯ ರಿಟ್ ಅರ್ಜಿಯನ್ನು ನಾನು ಮೊದಲ ಆಯ್ಕೆಯಾಗಿ ಹೇಳುವುದಕ್ಕೆ ಮುಖ್ಯ ಕಾರಣ, ಇದಕ್ಕೆ ಸರ್ಕಾರದ ಪೂರ್ವಾನುಮತಿ ಬೇಕಿಲ್ಲ. ಮೂಲಭೂತ ಹಕ್ಕು ಉಲ್ಲಂಘನೆಯಾದಾಗ ‘ಇದು ಸಾರ್ವಭೌಮ ಕಾರ್ಯ’ (ಅಂದರೆ ಆಡಳಿತ ನಡೆಸುವಾಗ ಮಾಡಿದ ಕೆಲಸ, ಪರಿಹಾರ ಕೊಡಬೇಕಿಲ್ಲ) ಎಂಬ ರಕ್ಷಣೆಯೂ ಇಲ್ಲಿ ಸರ್ಕಾರಕ್ಕೆ ಸಿಗದೆಂದು ಸುಪ್ರೀಂ ಕೋರ್ಟು 1993ರ ನೀಲಾಬತಿ ಬೆಹೆರಾ ಪ್ರಕರಣದಲ್ಲಿ ಸ್ಪಷ್ಟಪಡಿಸಿ, ಪೊಲೀಸ್ ವಶದಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ 1,50,000 ರೂಪಾಯಿ ಪರಿಹಾರ ಕೊಡಿಸಿತು. ಅದಕ್ಕೂ ಮೊದಲು, ವಿಧಾನಸಭೆಯ ಅಧಿವೇಶನಕ್ಕೆ ಹೋಗದಂತೆ ಬಂಧಿಸಲ್ಪಟ್ಟ ಜಮ್ಮು ಮತ್ತು ಕಾಶ್ಮೀರದ ಶಾಸಕ ಭೀಮ್ ಸಿಂಗ್ ಅವರಿಗೆ 1985ರಲ್ಲಿ 50,000 ರೂಪಾಯಿ ಕೊಡುವಂತೆ ಅದೇ ನ್ಯಾಯಾಲಯ ಆದೇಶಿಸಿತ್ತು.

ಹಿರಿಯ ಅಧಿಕಾರಿಯ ಲಿಖಿತ ಆದೇಶವನ್ನೇ ಪ್ರಶ್ನಿಸುವುದಾದರೆ ರಿಟ್ ಅರ್ಜಿಯಷ್ಟು ನೇರವಾದದ್ದು ಬೇರೆ ಇಲ್ಲ. 2019ರ ಡಿಸೆಂಬರ್ 18ರಂದು ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧದ ಪ್ರತಿಭಟನೆಗಳಿಗೆ ಮುಂಚಿತವಾಗಿ ಬೆಂಗಳೂರು ನಗರ ಪೊಲೀಸ್ ಕಮಿಷನರ್ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಸೆಕ್ಷನ್ ಅಡಿ ನಿಷೇಧಾಜ್ಞೆ ಹೊರಡಿಸಿದರು. ಮರುದಿನ ಟೌನ್ ಹಾಲ್ ಮುಂದೆ ಇತಿಹಾಸಕಾರ ರಾಮಚಂದ್ರ ಗುಹಾ ಸೇರಿದಂತೆ ಅನೇಕರನ್ನು ವಶಕ್ಕೆ ಪಡೆಯಲಾಯಿತು. ರಾಜ್ಯಸಭಾ ಸದಸ್ಯ ರಾಜೀವ್ ಗೌಡ, ಶಾಸಕಿ ಸೌಮ್ಯಾ ರೆಡ್ಡಿ ಮತ್ತಿತರರು ಹೈಕೋರ್ಟಿಗೆ ಹೋದರು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ನೇತೃತ್ವದ ಪೀಠ 2020ರ ಫೆಬ್ರವರಿ 13ರಂದು ಆ ನಿಷೇಧಾಜ್ಞೆಯನ್ನು ಕಾನೂನುಬಾಹಿರವೆಂದಿತು. ಡಿಸಿಪಿಗಳ ವರದಿಗಳನ್ನು ಎತ್ತಿ ಬರೆದದ್ದನ್ನು ಬಿಟ್ಟರೆ ಕಮಿಷನರ್ ತಾವೇ ಯೋಚಿಸಿ ಕಾರಣ ದಾಖಲಿಸಿದ್ದು ಅದರಲ್ಲಿ ಕಾಣಲಿಲ್ಲವೆಂಬುದು ನ್ಯಾಯಾಲಯದ ಆಕ್ಷೇಪದ ಮುಖ್ಯ ಭಾಗ. ಎರಡು ತಿಂಗಳೂ ತುಂಬಿರಲಿಲ್ಲ. ನಿಷೇಧಾಜ್ಞೆಯ ಅವಧಿ ಅಷ್ಟರೊಳಗೆ ಮುಗಿದುಹೋಗಿತ್ತೆಂಬುದು ನಿಜ. ಆದರೂ ತೀರ್ಪು ಉಳಿದಿದೆ. ಈಗ ಅದೇ ಅಧಿಕಾರ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್‌ನಲ್ಲಿದೆ, ಮುಂದಿನ ಕಮಿಷನರ್ ಬರೆಯುವ ಆದೇಶವನ್ನೂ ಆ ತೀರ್ಪಿನ ಪಕ್ಕದಲ್ಲಿಟ್ಟು ಓದಬೇಕಾಗುತ್ತದೆ.

ಬಲಪ್ರಯೋಗದ ಪ್ರಶ್ನೆ ಇದಕ್ಕಿಂತ ಕಠಿಣ, ಏಕೆಂದರೆ ಅಲ್ಲಿ ಕಾಗದಕ್ಕಿಂತ ಘಟನೆ ಮುಖ್ಯ. 2011ರ ಜೂನ್ 4ರ ನಡುರಾತ್ರಿ ದೆಹಲಿಯ ರಾಮಲೀಲಾ ಮೈದಾನದಲ್ಲಿ ಬಾಬಾ ರಾಮದೇವ್ ಅವರ ಶಿಬಿರದಲ್ಲಿ ಮಲಗಿದ್ದ ಜನರ ಮೇಲೆ ಪೊಲೀಸರು ನಡೆಸಿದ ಕಾರ್ಯಾಚರಣೆಯನ್ನು ಸುಪ್ರೀಂ ಕೋರ್ಟು ಸ್ವಯಂಪ್ರೇರಿತವಾಗಿ ಎತ್ತಿಕೊಂಡು, 2012ರ ಫೆಬ್ರವರಿ 23ರಂದು ತೀರ್ಪು ಕೊಟ್ಟಿತು. ಗಾಯಗೊಂಡು ಆಮೇಲೆ ತೀರಿಕೊಂಡ ಮಹಿಳೆಯ ಕುಟುಂಬಕ್ಕೆ 5 ಲಕ್ಷ, ತೀವ್ರವಾಗಿ ಗಾಯಗೊಂಡವರಿಗೆ 50,000, ಸಣ್ಣ ಗಾಯದವರಿಗೆ 25,000 ರೂಪಾಯಿ ಪರಿಹಾರ ನಿಗದಿಯಾಯಿತು. ಮಿತಿಮೀರಿದ ಪೊಲೀಸರ ಮೇಲೆ ಕ್ರಮಕ್ಕೂ ನಿರ್ದೇಶನವಿತ್ತು. ಆದರೆ ಸಂಘಟಕರ ಟ್ರಸ್ಟಿನ ನಿರ್ಲಕ್ಷ್ಯವೂ ಇದೆಯೆಂದು ನ್ಯಾಯಾಲಯ ಪರಿಹಾರದ 25 ಶೇಕಡಾ ಭಾಗವನ್ನು ಅದರ ಮೇಲೆಯೇ ಹೇರಿತು. ಇದನ್ನು ಸಂಘಟಕರು ಮರೆಯಬಾರದು: ಕೊಟ್ಟ ಅನುಮತಿಯ ಷರತ್ತುಗಳು, ಸ್ವಯಂಸೇವಕರ ಪಟ್ಟಿ, ವೇದಿಕೆಯಿಂದ ಆಡಿದ ಮಾತು ಎಲ್ಲವೂ ತೂಕಕ್ಕೆ ಬರುತ್ತವೆ. 2007ರಲ್ಲಿ ಜಮ್ಮು ಮತ್ತು ಕಾಶ್ಮೀರದ ವಲಸಿಗರ ಮೆರವಣಿಗೆಯನ್ನು ಕಟ್ರಾದ ಬಳಿ ತಡೆದು ಹೊಡೆದ ಅನಿತಾ ಠಾಕೂರ್ ಪ್ರಕರಣದಲ್ಲೂ ಹೀಗೆಯೇ ಆಯಿತು. ಮೊದಲು ಕಲ್ಲು ತೂರಿದ್ದು ಪ್ರತಿಭಟನಕಾರರೆಂದು ಒಪ್ಪಿಕೊಂಡ ನ್ಯಾಯಾಲಯ, ಪರಿಸ್ಥಿತಿ ಹತೋಟಿಗೆ ಬಂದ ಮೇಲೂ ಹೊಡೆಯುತ್ತಲೇ ಹೋದದ್ದು ತಪ್ಪೆಂದು ಹೇಳಿ ಪರಿಹಾರ ಕೊಡಿಸಿತು. ಗುಂಪು ಕಲ್ಲು ತೂರಿದ ಮಾತ್ರಕ್ಕೆ ಪೊಲೀಸರಿಗೆ ಮಿತಿಯಿಲ್ಲದ ಪರವಾನಗಿ ಸಿಗುವುದಿಲ್ಲವೆಂಬ ಈ ನಿಲುವು ನಮ್ಮ ಕಡೆಯ ವಕೀಲರಿಗೆ ಬಹಳ ಉಪಯುಕ್ತ. ತೀರ್ಪು ಬಂದದ್ದು 2016ರಲ್ಲಿ, ಅಂದರೆ 9 ವರ್ಷಗಳ ನಂತರ. ಈ ಅರ್ಜಿದಾರರು 32ನೇ ವಿಧಿಯ ಅಡಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಆ ಬಾಗಿಲು ಇಂದಿಗೂ ತೆರೆದೇ ಇದೆಯಾದರೂ ‘ಮೊದಲು ಹೈಕೋರ್ಟಿಗೆ ಹೋಗಿ’ ಎಂಬ ಉತ್ತರ ಸಿಗುವ ಸಂಭವವೇ ಹೆಚ್ಚು. ಧಾರವಾಡದಲ್ಲೂ ಕಲಬುರಗಿಯಲ್ಲೂ ಪೀಠಗಳಿರುವಾಗ ಬೆಳಗಾವಿಯವರೋ ರಾಯಚೂರಿನವರೋ ದೆಹಲಿಯವರೆಗೆ ಹೋಗಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ರಿಟ್ ಅರ್ಜಿಯ ದೌರ್ಬಲ್ಯಗಳನ್ನೂ ಹೇಳಬೇಕು. ಹೈಕೋರ್ಟು ಇಲ್ಲಿ ಸಾಕ್ಷಿಗಳನ್ನು ಕಟಕಟೆಗೆ ಕರೆದು ಪಾಟೀಸವಾಲು ನಡೆಸುವುದಿಲ್ಲ, ಪ್ರಮಾಣಪತ್ರಗಳ ಮೇಲೆ ತೀರ್ಮಾನಿಸುತ್ತದೆ. ‘ಹೊಡೆದರು’, ‘ಹೊಡೆಯಲಿಲ್ಲ’ ಎಂಬ ವಿವಾದವಷ್ಟೇ ಮುಂದಿದ್ದರೆ ‘ಇದು ವಾಸ್ತವಾಂಶದ ವಿವಾದ, ಸಿವಿಲ್ ನ್ಯಾಯಾಲಯಕ್ಕೆ ಹೋಗಿ’ ಎನ್ನಬಹುದು. ವಿಡಿಯೋ ಮತ್ತು ಆಸ್ಪತ್ರೆಯ ದಾಖಲೆ ಬಲವಾಗಿದ್ದರೆ ಈ ಅಪಾಯ ಕಡಿಮೆ. ಪರಿಹಾರ ಕೊಡಬೇಕಾದದ್ದು ಸರ್ಕಾರ. ಅಧಿಕಾರಿಯ ಸಂಬಳದಿಂದ ವಸೂಲು ಮಾಡುವುದನ್ನು ನ್ಯಾಯಾಲಯ ಹಲವು ಸಲ ಸರ್ಕಾರದ ವಿವೇಚನೆಗೆ ಬಿಡುತ್ತದೆ. ಅಧಿಕಾರಿ ದುರುದ್ದೇಶದಿಂದ ನಡೆದುಕೊಂಡರೆಂದು ವಾದಿಸುವುದಾದರೆ ಅವರನ್ನು ಹುದ್ದೆಯ ಹೆಸರಿನಲ್ಲಿ ಮಾತ್ರವಲ್ಲ, ವೈಯಕ್ತಿಕ ಹೆಸರಿನಲ್ಲೂ ಪ್ರತಿವಾದಿಯಾಗಿ ಸೇರಿಸಬೇಕು. ಸೇರಿಸದಿದ್ದರೆ ಆ ಆರೋಪವನ್ನು ನ್ಯಾಯಾಲಯ ಪರಿಗಣಿಸುವುದಿಲ್ಲ. ಹಾಗೆ ಸೇರಿಸುವುದಕ್ಕೆ ಪುರಾವೆ ಇದೆಯೇ ಎಂದು ಎರಡು ಸಲ ಯೋಚಿಸಿ. ದುರುದ್ದೇಶದ ಆರೋಪ ಸಾಬೀತಾಗದೆ ಬಿದ್ದುಹೋದರೆ ‘ಬಲಪ್ರಯೋಗ ಅತಿಯಾಯಿತು’ ಎಂಬ ಗಟ್ಟಿ ವಾದವೂ ಅದರ ಜೊತೆ ಮಂಕಾಗುತ್ತದೆ.

ಕ್ರಿಮಿನಲ್ ದೂರು

ಅಧಿಕಾರಿಗೆ ಶಿಕ್ಷೆಯಾಗಬೇಕೆಂಬ ಬಯಕೆಯಿದ್ದರೆ ಹೋಗಬೇಕಾದದ್ದು ಈ ದಾರಿಯಲ್ಲಿ, ಆದರೆ ಅತಿ ಹೆಚ್ಚು ತಡೆಗಳಿರುವುದೂ ಇಲ್ಲಿಯೇ. ಮೊದಲು ಠಾಣೆಯಲ್ಲಿ ದೂರು ಕೊಡಬೇಕು. ಗಂಭೀರ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು ಲಲಿತಾ ಕುಮಾರಿ ಪ್ರಕರಣದ ತೀರ್ಪು ಹೇಳಿದ್ದರೂ ತಮ್ಮ ಎಸ್‌ಪಿಯ ಮೇಲೆ ಇನ್‌ಸ್ಪೆಕ್ಟರ್ ಎಫ್‌ಐಆರ್ ಬರೆಯುವುದನ್ನು ನಿರೀಕ್ಷಿಸಬೇಡಿ. ಹೆಚ್ಚೆಂದರೆ ಒಂದು ಹಿಂಬರಹ (ದೂರಿಗೆ ಠಾಣೆ ಕೊಡುವ ಲಿಖಿತ ಉತ್ತರ) ಸಿಗುತ್ತದೆ. ಆ ಹಿಂಬರಹವನ್ನೇ ಜೋಪಾನ ಮಾಡಿ. ನಂತರ ಅದೇ ದೂರನ್ನು ಎಸ್‌ಪಿಗೆ ಅಥವಾ ಅವರೇ ಆರೋಪಿಯಾದರೆ ಅವರ ಮೇಲಿನವರಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ಆಮೇಲೆ ಪ್ರಮಾಣಪತ್ರದೊಂದಿಗೆ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬೇಕು. ಈ ಮೆಟ್ಟಿಲುಗಳಲ್ಲಿ ಒಂದನ್ನು ಬಿಟ್ಟರೂ ದೂರು ವಾಪಸು ಬರುತ್ತದೆ.

2024ರ ಜುಲೈ 1ರಿಂದ ಜಾರಿಗೆ ಬಂದ ಸುರಕ್ಷಾ ಸಂಹಿತೆ ಇಲ್ಲಿ ಹೊಸ ಮೆಟ್ಟಿಲನ್ನು ಸೇರಿಸಿದೆ. ಕರ್ತವ್ಯದಲ್ಲಿದ್ದಾಗಿನ ಕೃತ್ಯದ ಬಗ್ಗೆ ಸರ್ಕಾರಿ ನೌಕರನ ಮೇಲೆ ದೂರು ಬಂದರೆ, 175(4)ರ ಪ್ರಕಾರ ತನಿಖೆಗೆ ಆದೇಶಿಸುವ ಮೊದಲು ಮೇಲಧಿಕಾರಿಯಿಂದ ಘಟನೆಯ ಸಂದರ್ಭದ ವರದಿ ಪಡೆದು, ಆರೋಪಿತ ನೌಕರನ ವಿವರಣೆಯನ್ನೂ ಪರಿಗಣಿಸಬೇಕು. 223(2)ರ ಪ್ರಕಾರ ಖಾಸಗಿ ದೂರಿನ ಸಂಜ್ಞೆ ತೆಗೆದುಕೊಳ್ಳುವ (ಅಂದರೆ ಅದನ್ನು ನ್ಯಾಯಾಲಯ ಪರಿಗಣನೆಗೆ ಸ್ವೀಕರಿಸುವ) ಮೊದಲೂ ಅದೇ ಕ್ರಮ. ಹೊಡೆತದ ಬಗ್ಗೆ ಹೊಡೆಸಿದವರ ಮೇಲಧಿಕಾರಿಯೇ ಮೊದಲ ವರದಿ ಬರೆಯುವ ಈ ಏರ್ಪಾಡು ಪ್ರತಿಭಟನಕಾರರಿಗೆ ಅನ್ಯಾಯವೆಂದು ನಾನು ನಂಬುತ್ತೇನೆ. ಆದರೆ ಕಾನೂನು ಹಾಗಿರುವಾಗ ಒಂದು ಮುನ್ನೆಚ್ಚರಿಕೆ ವಹಿಸಬಹುದು: ಆ ವರದಿ ಬರುವ ಮೊದಲೇ ನಿಮ್ಮ ವಿಡಿಯೋ, ಗಾಯದ ಪ್ರಮಾಣಪತ್ರ ಮತ್ತು ಸಾಕ್ಷಿಗಳ ಹೇಳಿಕೆ ನ್ಯಾಯಾಲಯದ ಕಡತದಲ್ಲಿದ್ದರೆ, ಏಕಪಕ್ಷೀಯ ವರದಿಯನ್ನು ಅಳೆಯಲು ಮ್ಯಾಜಿಸ್ಟ್ರೇಟರಿಗೆ ಒಂದು ಮಾನದಂಡ ಸಿಗುತ್ತದೆ.

ಇನ್ನು ಪೂರ್ವಾನುಮತಿಯ ಬೀಗ. ಕರ್ನಾಟಕದಲ್ಲಿ ಇದು ಒಂದಲ್ಲ, ಮೂರು. ಸಂಹಿತೆಯ 218ನೇ ಸೆಕ್ಷನ್ (ಹಳೆಯ 197) ಸರ್ಕಾರದ ಅನುಮತಿಯಿಲ್ಲದೆ ಹುದ್ದೆಯಿಂದ ತೆಗೆಯಲಾಗದ ಅಧಿಕಾರಿಗಳನ್ನು ರಕ್ಷಿಸುತ್ತದೆ. ಐಪಿಎಸ್ ಅಧಿಕಾರಿಗಳು ರಾಜ್ಯದ ಕೆಲಸದಲ್ಲಿದ್ದಾಗ ರಾಜ್ಯ ಸರ್ಕಾರದ ಅನುಮತಿ ಬೇಕು. 151ನೇ ಸೆಕ್ಷನ್ ಅಕ್ರಮ ಕೂಟವನ್ನು ಚದುರಿಸುವಾಗಿನ ಕೃತ್ಯಗಳಿಗೆ ಪ್ರತ್ಯೇಕ ರಕ್ಷಣೆ ಕೊಡುತ್ತದೆ. ಇವೆರಡರ ಮೇಲೆ ಕರ್ನಾಟಕ ಪೊಲೀಸ್ ಕಾಯ್ದೆ 1963ರ 170ನೇ ಸೆಕ್ಷನ್ ಇದೆ. ಅದು ದರ್ಜೆಯ ಭೇದವಿಲ್ಲದೆ ಎಲ್ಲ ಪೊಲೀಸರಿಗೂ ಅನ್ವಯಿಸುತ್ತದೆ, ಅಧಿಕಾರದ ‘ಮಿತಿ ಮೀರಿ’ ಮಾಡಿದ ಕೃತ್ಯವನ್ನೂ ಒಳಗೊಳ್ಳುತ್ತದೆ, ಕ್ರಿಮಿನಲ್ ದೂರಿಗೆ ಮಾತ್ರವಲ್ಲದೆ ಸಿವಿಲ್ ದಾವೆಗೂ ಅನುಮತಿ ಕೇಳುತ್ತದೆ. ಬೇರೆ ರಾಜ್ಯದ ತೀರ್ಪುಗಳನ್ನು ಓದಿ ಧೈರ್ಯ ತಂದುಕೊಂಡವರು ಎಡವುವುದು ಈ ಸೆಕ್ಷನ್‌ನಲ್ಲಿಯೇ.

ಬೆಂಗಳೂರಿನ ಪೊಲೀಸ್ ಅಧಿಕಾರಿಯೊಬ್ಬರಿಗೆ ಸಂಬಂಧಿಸಿದ ಡಿ. ದೇವರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರ ಜೂನ್‌ನಲ್ಲಿ ಕೊಟ್ಟ ತೀರ್ಪನ್ನು ಪ್ರತಿಯೊಬ್ಬ ದೂರುದಾರರೂ ವಕೀಲರ ಜೊತೆ ಕೂತು ಓದಬೇಕು. ಕೃತ್ಯಕ್ಕೂ ಕರ್ತವ್ಯಕ್ಕೂ ಸಮಂಜಸವಾದ ಸಂಬಂಧವಿದ್ದರೆ, ಅಧಿಕಾರಿ ಮಿತಿ ಮೀರಿದ್ದರೂ ಅನುಮತಿ ಬೇಕೇ ಬೇಕು ಎಂದು ಹೇಳಿ ಅಲ್ಲಿ ಖಾಸಗಿ ದೂರನ್ನು ರದ್ದುಪಡಿಸಲಾಯಿತು. ಅಲ್ಲಿದ್ದ ಆರೋಪ ಬೀದಿಯ ಲಾಠಿ ಪ್ರಹಾರದ್ದಲ್ಲ, ವಶದಲ್ಲಿಟ್ಟುಕೊಂಡು ಹೊಡೆದದ್ದು. ಹೀಗಿರುವಾಗ ಬೀದಿಯಲ್ಲಿ ಗುಂಪು ಚದುರಿಸುವಾಗ ಬಿದ್ದ ಏಟಿಗೆ ಅನುಮತಿ ಬೇಡವೆಂದು ವಾದಿಸುವುದು ಬಹಳ ಕಷ್ಟ. ಗುಂಪು ಚದುರಿ ಗಂಟೆಗಳಾದ ಮೇಲೆ ಮನೆಗೆ ನುಗ್ಗಿ ಹೊಡೆದದ್ದು, ನಡೆಯದ್ದನ್ನು ನಡೆದಂತೆ ದಾಖಲೆ ತಿದ್ದಿದ್ದು ಇಂಥವುಗಳಲ್ಲಿ ಕರ್ತವ್ಯದ ಕೊಂಡಿ ಕಳಚಿದೆಯೆಂದು ವಾದಿಸಲು ಜಾಗವಿದೆ. ಆ ವಾದವನ್ನು ಮಾಡಿ, ಆದರೆ ಅದನ್ನೊಂದನ್ನೇ ನಂಬಿಕೊಂಡು ಅನುಮತಿಯ ಅರ್ಜಿ ಹಾಕದೆ ಕೂರಬೇಡಿ.

ಹೊಸ ಸಂಹಿತೆಯಲ್ಲಿ ದೂರುದಾರರಿಗೆ ಅನುಕೂಲವಾದ ಒಂದು ಬದಲಾವಣೆಯೂ ಇದೆ. 218ನೇ ಸೆಕ್ಷನ್ ಅಡಿ ಕೇಳಿದ ಅನುಮತಿಯ ಬಗ್ಗೆ ಸರ್ಕಾರ 120 ದಿನಗಳೊಳಗೆ ತೀರ್ಮಾನಿಸದಿದ್ದರೆ ಅನುಮತಿ ಕೊಟ್ಟಂತೆಯೇ ಎಂದು ಕಾನೂನು ಹೇಳುತ್ತದೆ. 170ನೇ ಸೆಕ್ಷನ್‌ನಲ್ಲಿ ಅಂಥ ಗಡುವಿಲ್ಲ. ಆದ್ದರಿಂದ ಒಂದೇ ಅರ್ಜಿಯಲ್ಲಿ ಮೂರೂ ಸೆಕ್ಷನ್‌ಗಳನ್ನು ಹೆಸರಿಸಿ ಕೇಳಿ; ಸರ್ಕಾರ 170ರ ಬಗ್ಗೆ ಮೌನವಾಗಿ ಕೂತರೆ, ತೀರ್ಮಾನ ಕೊಡುವಂತೆ ನಿರ್ದೇಶಿಸಲು ಹೈಕೋರ್ಟಿನಲ್ಲಿ ಪ್ರತ್ಯೇಕ ರಿಟ್ ಹಾಕಬಹುದು. ಅನುಮತಿ ನಿರಾಕರಿಸಿದರೆ ಆ ನಿರಾಕರಣೆಯನ್ನೂ ಪ್ರಶ್ನಿಸಬಹುದು. ಕಾಲಮಿತಿಯ ಬಗ್ಗೆ ಒಂದು ಎಚ್ಚರಿಕೆ: ಒಂದು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ (ಸಾಧಾರಣ ಗಾಯ ಇದರಲ್ಲಿ ಬರುತ್ತದೆ) ಒಂದೇ ವರ್ಷದೊಳಗೆ ದೂರು ನ್ಯಾಯಾಲಯ ತಲುಪಬೇಕು, ಮೂರು ವರ್ಷದವರೆಗಿನವಕ್ಕೆ ಮೂರು ವರ್ಷ, ಮೂಳೆ ಮುರಿತದಂಥ ತೀವ್ರ ಗಾಯಕ್ಕೆ ಈ ಮಿತಿಯಿಲ್ಲ.

ಈ ದಾರಿ ಫಲ ಕೊಡುವುದೇ ಇಲ್ಲವೇ? ಕೊಡುತ್ತದೆ, ಆದರೆ ಒಂದು ತಲೆಮಾರಿನಷ್ಟು ತಾಳ್ಮೆ ಕೇಳಬಹುದು. ಪ್ರತಿಭಟನೆಯ ಪ್ರಕರಣವಲ್ಲದಿದ್ದರೂ ತಮಿಳುನಾಡಿನ ವಾಚಾತಿ ಇಲ್ಲಿ ನೆನಪಿಗೆ ಬರುತ್ತದೆ. 1992ರಲ್ಲಿ ಬುಡಕಟ್ಟು ಜನರ ಹಳ್ಳಿಯ ಮೇಲೆ ಅರಣ್ಯ, ಪೊಲೀಸ್ ಮತ್ತು ಕಂದಾಯ ಸಿಬ್ಬಂದಿ ನಡೆಸಿದ ದಾಳಿಯ 269 ಆರೋಪಿಗಳಲ್ಲಿ ಬದುಕಿದ್ದ 215 ಮಂದಿಯೂ 2011ರಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಯಿತು, ಐಎಫ್ಎಸ್ (ಭಾರತೀಯ ಅರಣ್ಯ ಸೇವೆ) ಅಧಿಕಾರಿಗಳೂ ಅವರಲ್ಲಿದ್ದರು. ಮದ್ರಾಸ್ ಹೈಕೋರ್ಟು ಅದನ್ನು ಎತ್ತಿಹಿಡಿದದ್ದು 2023ರಲ್ಲಿ.

ಸಿವಿಲ್ ದಾವೆ

ಇದನ್ನು ನಾನು ಕೊನೆಯ ಆಯ್ಕೆಯಾಗಿ ಹೇಳುತ್ತೇನೆ. ಸರ್ಕಾರಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಸೆಕ್ಷನ್ ಅಡಿ ಎರಡು ತಿಂಗಳ ನೋಟಿಸು, ಅಧಿಕಾರಿಗೆ ಪೊಲೀಸ್ ಕಾಯ್ದೆಯ ಅಡಿ ಪ್ರತ್ಯೇಕ ನೋಟಿಸು, ಅದರ ಮೇಲೆ ಸರ್ಕಾರದ ಅನುಮತಿ, ಕೇಳಿದ ಮೊತ್ತಕ್ಕೆ ತಕ್ಕಂತೆ ಏರುವ ನ್ಯಾಯಾಲಯ ಶುಲ್ಕ. ಅಕ್ರಮ ಬಂಧನಕ್ಕೆ ಪರಿಹಾರ ಕೇಳುವ ದಾವೆಗೆ ಕಾಲಮಿತಿ ಒಂದೇ ವರ್ಷ. ಇದಲ್ಲದೆ ಖಾಸಗಿ ಕಾನೂನಿನ ದಾವೆಯಲ್ಲಿ 1965ರ ಕಸ್ತೂರಿ ಲಾಲ್ ತೀರ್ಪಿನ ಸಾರ್ವಭೌಮ ರಕ್ಷಣೆಯನ್ನು ಸರ್ಕಾರಿ ವಕೀಲರು ಇಂದಿಗೂ ಎತ್ತುತ್ತಾರೆ. ಇಷ್ಟಾದರೂ ಇದರಲ್ಲಿ ಒಂದು ಗುಣವಿದೆ: ಸಾಕ್ಷಿ, ಪಾಟೀಸವಾಲು ಎಲ್ಲವೂ ನಡೆಯುವುದರಿಂದ ದುಡಿಯುವ ಕೈಯನ್ನೋ ಕಣ್ಣನ್ನೋ ಶಾಶ್ವತವಾಗಿ ಕಳೆದುಕೊಂಡವರ ನಿಜವಾದ ನಷ್ಟವನ್ನು ಲೆಕ್ಕ ಹಾಕಿ ಕೇಳಲು ಸಾಧ್ಯ. ರಿಟ್ ಅರ್ಜಿಯಲ್ಲಿ ಸಿಗುವ ಪರಿಹಾರ ಸಾಮಾನ್ಯವಾಗಿ ಆ ನಷ್ಟದ ಹತ್ತಿರಕ್ಕೂ ಬರುವುದಿಲ್ಲ.

ಆಯೋಗಗಳು ಮತ್ತು ಪ್ರಾಧಿಕಾರ

ಮಾನವ ಹಕ್ಕುಗಳ ಆಯೋಗಕ್ಕೆ ಬಿಳಿ ಹಾಳೆಯಲ್ಲಿ, ಕನ್ನಡದಲ್ಲಿ, ವಕೀಲರಿಲ್ಲದೆ ದೂರು ಬರೆಯಬಹುದು, ಶುಲ್ಕವಿಲ್ಲ. ಘಟನೆಯಾಗಿ ಒಂದು ವರ್ಷದೊಳಗೆ ಕೊಡಬೇಕು. ರಾಜ್ಯ ಆಯೋಗದಲ್ಲಿ ವಿಷಯ ಬಾಕಿಯಿದ್ದರೆ ರಾಷ್ಟ್ರೀಯ ಆಯೋಗ ಅದನ್ನು ವಿಚಾರಿಸುವುದಿಲ್ಲವಾದ್ದರಿಂದ ಎರಡಕ್ಕೂ ಒಟ್ಟಿಗೆ ಬರೆದು ಗೊಂದಲ ಮಾಡಿಕೊಳ್ಳಬೇಡಿ. ಆಯೋಗ ಶಿಫಾರಸು ಮಾಡುತ್ತದೆಯೇ ಹೊರತು ಶಿಕ್ಷಿಸುವುದಿಲ್ಲ. ಆ ಶಿಫಾರಸು ಸರ್ಕಾರವನ್ನು ಬಂಧಿಸುತ್ತದೆಂದು ಮದ್ರಾಸ್ ಹೈಕೋರ್ಟಿನ ಪೂರ್ಣಪೀಠ 2021ರಲ್ಲಿ ಹೇಳಿದೆ, ಆದರೆ ಅದು ನಮ್ಮ ಹೈಕೋರ್ಟಿನ ತೀರ್ಪಲ್ಲ. ಆಯೋಗದ ನಿಜವಾದ ಉಪಯೋಗ ಬೇರೆಡೆ ಇದೆ: ಅದು ವರದಿ ತರಿಸಿಕೊಳ್ಳುವಾಗ ಪೊಲೀಸ್ ಇಲಾಖೆ ತನ್ನ ವಿವರಣೆಯನ್ನು ಬರಹದಲ್ಲಿ ಕೊಡಬೇಕಾಗುತ್ತದೆ, ಮತ್ತು ಆ ಬರಹ ಆಮೇಲೆ ಹೈಕೋರ್ಟಿನಲ್ಲಿ ಇಲಾಖೆ ಹೇಳುವ ಕಥೆಗೆ ಹೊಂದುತ್ತದೆಯೇ ಎಂದು ಪರೀಕ್ಷಿಸಲು ನಿಮಗೆ ಸಿಗುತ್ತದೆ.

ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ನಿರ್ದೇಶನದಂತೆ ಎಸ್‌ಪಿ ಮತ್ತು ಅದಕ್ಕೆ ಮೇಲಿನ ಅಧಿಕಾರಿಗಳ ವಿರುದ್ಧದ ಗಂಭೀರ ದೂರುಗಳನ್ನು ರಾಜ್ಯ ಮಟ್ಟದ ಪೊಲೀಸ್ ದೂರು ಪ್ರಾಧಿಕಾರ, ಡಿವೈಎಸ್‌ಪಿವರೆಗಿನವರ ಮೇಲಿನವನ್ನು ಜಿಲ್ಲಾ ಪ್ರಾಧಿಕಾರ ನೋಡಬೇಕು. ಹಿರಿಯರನ್ನೂ ಕಿರಿಯರನ್ನೂ ಒಂದೇ ದೂರಿನಲ್ಲಿ ಹೆಸರಿಸಿದರೆ ಕಡತ ಅತ್ತಿತ್ತ ಅಲೆಯುತ್ತದೆ. ಎರಡು ದೂರುಗಳನ್ನಾಗಿ ಬರೆಯಿರಿ.

ಗೋಲಿಬಾರ್ ಆಗಿ ಸಾವು ಸಂಭವಿಸಿದಾಗ ಸರ್ಕಾರ ವಿಚಾರಣಾ ಆಯೋಗ ನೇಮಿಸುವುದುಂಟು. ತಮಿಳುನಾಡಿನ ತೂತ್ತುಕುಡಿಯಲ್ಲಿ 2018ರ ಮೇ 22ರ ಗೋಲಿಬಾರಿನ ಬಗ್ಗೆ ನ್ಯಾಯಮೂರ್ತಿ ಅರುಣಾ ಜಗದೀಶನ್ ಆಯೋಗ ಐಜಿ, ಡಿಐಜಿ, ಎಸ್‌ಪಿ ಮಟ್ಟದವರೂ ಸೇರಿ 17 ಪೊಲೀಸರ ಮೇಲೆ ಕ್ರಮಕ್ಕೆ ಶಿಫಾರಸು ಮಾಡಿತು. ವರದಿ ವಿಧಾನಸಭೆಯ ಮುಂದೆ ಬಂದದ್ದು 2022ರ ಅಕ್ಟೋಬರ್‌ನಲ್ಲಿ. ಇಂಥ ಆಯೋಗದ ಮುಂದೆ ಅಧಿಕಾರಿ ಕೊಟ್ಟ ಹೇಳಿಕೆಯನ್ನು ಆಮೇಲೆ ಅವರ ವಿರುದ್ಧದ ಕ್ರಿಮಿನಲ್ ಅಥವಾ ಸಿವಿಲ್ ಪ್ರಕರಣದಲ್ಲಿ ಬಳಸುವಂತಿಲ್ಲ (ಸುಳ್ಳು ಸಾಕ್ಷ್ಯದ ಪ್ರಕರಣದ ಹೊರತು) ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಆಯೋಗ ನೇಮಕವಾಯಿತೆಂದು ಸ್ವಂತ ದೂರನ್ನು ನಿಲ್ಲಿಸಿ ಕಾಯುವುದು ದೊಡ್ಡ ತಪ್ಪು.

ನಿಮ್ಮ ಮೇಲಿನ ಕೇಸು, ಮತ್ತು ಯಾವುದು ಮೊದಲು

ಈ ಎಲ್ಲ ಲೆಕ್ಕಾಚಾರದ ನಡುವೆ ನಿಮ್ಮ ಮೇಲೂ ಎಫ್‌ಐಆರ್ ಆಗಿರುತ್ತದೆ: ಅಕ್ರಮ ಕೂಟ, ದೊಂಬಿ, ಸರ್ಕಾರಿ ನೌಕರನ ಮೇಲೆ ಹಲ್ಲೆ. ಮಂಗಳೂರಿನಲ್ಲಿ 2019ರ ಡಿಸೆಂಬರ್ 19ರಂದು ಗೋಲಿಬಾರಿಗೆ ಇಬ್ಬರು ಬಲಿಯಾದ ನಂತರ ಬಂಧಿತರಾದವರಿಗೆ ಜಾಮೀನು ಕೊಡುವಾಗ ಹೈಕೋರ್ಟು, ಪೊಲೀಸರ ವಿರುದ್ಧ ಬಂದ ದೂರುಗಳ ಮೇಲೆ ಪ್ರತ್ಯೇಕ ಎಫ್‌ಐಆರ್ ದಾಖಲಿಸದಿರುವುದನ್ನು ಕಟುವಾಗಿ ಟೀಕಿಸಿತು. ಆದರೆ 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಜಾಮೀನು ಆದೇಶದಲ್ಲಿ ಬರುವ ಒಳ್ಳೆಯ ಮಾತುಗಳ ಮೇಲೆ ನಿಮ್ಮ ದೂರನ್ನು ಕಟ್ಟಬೇಡಿ; ದೂರಿಗೆ ಅದರದೇ ಕಾಗದ ಬೇಕು. ನಿಮ್ಮ ಮೇಲಿನ ಎಫ್‌ಐಆರ್ ರದ್ದು ಕೋರುವ ಅರ್ಜಿಯಲ್ಲಿ ಆಡುವ ಪ್ರತಿ ಮಾತೂ ರಿಟ್ ಅರ್ಜಿಯ ಮಾತಿಗೆ ಹೊಂದಬೇಕಾದ್ದರಿಂದ ಸಾಧ್ಯವಾದರೆ ಎರಡನ್ನೂ ಒಬ್ಬರೇ ವಕೀಲರು ನೋಡಿಕೊಳ್ಳಲಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವಿಗೆ ಅರ್ಹರು.

ನನ್ನ ಸಲಹೆಯ ಕ್ರಮ ಹೀಗಿದೆ. ಮೊದಲ ಎರಡು ದಿನ ಆಸ್ಪತ್ರೆಯ ದಾಖಲೆ ಮತ್ತು ವಿಡಿಯೋ; ಮೊದಲ ವಾರದಲ್ಲಿ ದಾಖಲೆ ಕಾದಿಡುವ ಪತ್ರ ಹಾಗೂ ಠಾಣೆಗೆ ಲಿಖಿತ ದೂರು; ಮೊದಲ ತಿಂಗಳೊಳಗೆ, ನಿಷೇಧಾಜ್ಞೆಯನ್ನೂ ಬಲಪ್ರಯೋಗವನ್ನೂ ಒಟ್ಟಿಗೆ ಪ್ರಶ್ನಿಸಿ ಪರಿಹಾರ ಮತ್ತು ಸ್ವತಂತ್ರ ತನಿಖೆ ಕೋರುವ ರಿಟ್ ಅರ್ಜಿ. ಅದರ ಬೆನ್ನಿಗೇ, ರಿಟ್‌ನ ಫಲಕ್ಕಾಗಿ ಕಾಯದೆ, ಪೂರ್ವಾನುಮತಿಯ ಅರ್ಜಿಯನ್ನು ಗೃಹ ಇಲಾಖೆಗೆ ಕೊಡಿ. ವಿಧಾನಸೌಧದ ಟಪಾಲು ಕೌಂಟರಿನಲ್ಲಿ ಎರಡನೇ ಪ್ರತಿಯ ಮೇಲೆ ದಿನಾಂಕದ ಮೊಹರು ಬೀಳುವವರೆಗೆ ಅಲ್ಲಿಂದ ಕದಲಬೇಡಿ, ಮೊಹರಿನ ಅಂಕಿಗಳು ಮಸುಕಾಗಿದ್ದರೆ ಇನ್ನೊಮ್ಮೆ ಹಾಕಿಸಿಕೊಳ್ಳಿ. 120 ದಿನಗಳ ಎಣಿಕೆ ಆ ದಿನಾಂಕದಿಂದ ಶುರುವಾಗುತ್ತದೆ.